ನೀರು ಕುಡಿದ ಕಂಬಳಿ

"ಸುಟ್ಟೆ," ಅಂದ ಧನರಾಜ. "ನುಸಿ ಹಿಡಿದಿತ್ತು. ಡಿಸೇಲ್ ಸುರದು ಸುಟ್ಟೆ. ಮತ್ತೇನರ ಕೇಳೂದದ?"

ಕೇಳುವುದು ಬಹಳ ಇತ್ತು. ಆದರೆ ರಂಭಾಬಾಯಿ ಅವಸರ ಮಾಡಲಿಲ್ಲ. ತಟ್ಟೆಯಲ್ಲಿದ್ದ ಬಡೇಸೋಪಿನ ನಾಲ್ಕು ಕಾಳು ಆರಿಸಿ ಬಾಯಿಗೆ ಹಾಕಿಕೊಂಡಳು. ಯೆಣೆಗೂರಿನ ಹೆದ್ದಾರಿ ಬದಿಗೆ ಧನರಾಜನ ಧಾಬಾ, ಧಾಬಾದ ಬೆನ್ನಿಗೆ ಹತ್ತಿಕೊಂಡೇ ಅವನ ಎರಡಂತಸ್ತಿನ ಮನೆ. ಎರಡರ ನಡುವಿನ ಅಂಗಳದಲ್ಲಿ, ತಗಡಿನ ನೆರಳಿಗೆ, ಇಬ್ಬರೂ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕುಳಿತಿದ್ದರು. ಎಳ್ಳಮಾಸಿಯ ಹಬ್ಬ ಮುಗಿದ ಹೊಸದು. ಬಿಸಿಲಿದ್ದರೂ ಗಾಳಿಯಲ್ಲಿ ಥಂಡಿ ಇತ್ತು.

ಬೀರಪ್ಪನ ಗುಡಿಯ ಗೂಟದಿಂದ ಹೋದ ವಾರ ಕಾಣೆಯಾದ ಕಂಬಳಿಯ ಜಾಡು ಹಿಡಿದು ರಂಭಾಬಾಯಿ ಬೆಳಗಿನ ಯಸ್ಟಿ ಬಸ್ಸು ಹತ್ತಿ ಇಲ್ಲಿಗೆ ಬಂದಿದ್ದಳು. ಉಮರ್ಗಾ ಠಾಣೆಯಲ್ಲಿ ಹವಾಲ್ದಾರಳಾಗಿ ಅರ್ಧ ಆಯುಷ್ಯ ಸವೆಸಿದವಳು. ನಿವೃತ್ತಿಯಾದ ಮೇಲೆ ವಕೀಲ ವಿರೂಪಾಕ್ಷನಿಗೆ ಸಾಕ್ಷಿ ಹುಡುಕಿಕೊಡುವ ಕೆಲಸ ಹಿಡಿದಳು. ನೌಕರಿ ಆಕೀನ ಬಿಟ್ಟದ, ಆಕಿ ನೌಕರಿ ಬಿಟ್ಟಿಲ್ಲ ಅಂತ ಊರಲ್ಲಿ ನಗುತ್ತಾರೆ. ನಗಲಿ. ನಗುವ ಮಂದಿ ಮನೆಯೊಳಗೆ ಕರೆದು ಚಹಾ ಕೊಡುತ್ತಾರೆ, ಚಹಾ ಕೊಟ್ಟವರು ಮಾತೂ ಕೊಡುತ್ತಾರೆ ಅನ್ನುವುದು ಅವಳ ಲೆಕ್ಕ.

ಧನರಾಜ ಮಾತ್ರ ಚಹಾ ಇನ್ನೂ ಹೇಳಿರಲಿಲ್ಲ.

ಒಂದು ಹಳೆಯ ಕಂಬಳಿಗೆ ಇಷ್ಟು ಯಾಕೆ ಅಲೆದಾಟ ಅಂತ ಯಾರಾದರೂ ಕೇಳಿದರೆ, ಅವಳು ನಾಗನಾಥನ ಹೆಸರು ಹೇಳುತ್ತಿದ್ದಳು. ಸಾಸ್ತೂರಿನ ಹೊರಗೆ ಕುರಿ ಕಾಯುವ ಧನಗರರ ವಸ್ತಿಯಲ್ಲಿ ಅವನ ಮನೆ. ಮೈಯಲ್ಲಿ ರಕ್ತ ಹುಟ್ಟುವುದೇ ನಿಂತುಹೋಗಿ ಮಲಗಿದ್ದಾನೆ. ಎಲುಬಿನೊಳಗಿನ ಮಜ್ಜೆ ಬದಲು ಮಾಡಿದರೆ ಬದುಕಬಹುದು ಅಂತ ಡಾಕ್ಟರು ಹೇಳಿದ್ದಾರೆ. ಅದು ಕುರಿ ಮಾರಿ ಆಗುವ ಇಲಾಜಲ್ಲ. ವಿರೂಪಾಕ್ಷ ಹಿಡಿದಿರುವ ಅವನ ಕೇಸಿಗೆ ಸೋಮವಾರ ಲಾತೂರಿನಲ್ಲಿ ವಿಚಾರಣೆ. ಕಡಲ ದಂಡೆಯ ಅಣು ವಿದ್ಯುತ್ ಸ್ಥಾವರದ ಒಳಗೆ, ಕೆಲವು ವರ್ಷದ ಹಿಂದೆ ಅಪಘಾತವಾದ ದಿನ ಅವನು ಕಾಲಿಟ್ಟಿದ್ದ ಅಂತ ಅಲ್ಲಿ ಸಾಬೀತಾದರೆ ಇಲಾಜು ಕಂಪನಿಯ ತಲೆಗೆ. ಆಗದಿದ್ದರೆ ಅವನು ಹೋಗುತ್ತಾನೆ. ಅವನಿಗೂ ಅದು ಗೊತ್ತು.

ನಾಗನಾಥ ಹಾಸಿಗೆಯಲ್ಲೇ ಎಲ್ಲ ಹೇಳಿದ್ದ. ಒಂದೊಂದು ಮಾತಿಗೆ ಒಮ್ಮೆ ಉಸಿರು ತಗೊಳ್ಳುತ್ತಿದ್ದ.

ಆ ಸ್ಥಾವರವನ್ನು ವರ್ಷಕ್ಕೊಮ್ಮೆ ದುರಸ್ತಿಗೆಂದು ನಿಲ್ಲಿಸುತ್ತಾರಂತೆ. ಆಗ ಲೇಬರ್ ಬೇಕು. ಲೇಬರ್ ಕೊಡುವ ಮುಕಾದಮ ಧನರಾಜ. ಲೋಹಾರಾ, ಸಾಸ್ತೂರ ಸುತ್ತಿನ ವಸ್ತಿಗಳಿಂದ ಲಾರಿ ತುಂಬ ಮಂದಿಯನ್ನು ಒಯ್ದ. ಕುರಿ ಕಾಯುವವರು ಮನೆ ಬಿಟ್ಟರೆ ಹೆಗಲ ಮೇಲೆ ಕಂಬಳಿ ಇರಲೇಬೇಕಲ್ಲ. ಎಲ್ಲರೂ ತಂತಮ್ಮ ಕಂಬಳಿ ಹೊತ್ತೇ ಹೋದರು.

ಒಳಗಿನ ಒಂದು ದೊಡ್ಡ ಕೊಳವೆಯ ಜೋಡಣೆ ಹಿಂದಿನ ಬ್ಯಾಸಿಗೆಯಿಂದಲೇ ಹನಿಯುತ್ತಿತ್ತು. ಬದಲಿಸಬೇಕೆಂದರೆ ಸ್ಥಾವರ ಇನ್ನಷ್ಟು ದಿನ ನಿಲ್ಲಬೇಕು. ನಿಲ್ಲಿಸುವುದು ಯಾವ ಸಾಹೇಬನಿಗೂ ಬೇಡ. ನೋಡೋಣ, ಮುಂದಿನ ಸಲ ನೋಡೋಣ ಅಂತ ದೂಡಿದರು. ಎಚ್ಚರಿಕೆಯ ಗಂಟೆ ಸುಳ್ಳುಸುಳ್ಳೇ ಬಾರಿಸುತ್ತದೆ, ತಲೆ ಚಿಟ್ಟು ಹಿಡಿಯುತ್ತದೆ ಅಂತ ಅದರ ತಂತಿಯನ್ನೂ ಕಿತ್ತಿಟ್ಟಿದ್ದರು. ಹೀಗಾಗಿ ಜೋಡಣೆ ಬಾಯಿ ಬಿಟ್ಟಾಗ ಗಂಟೆ ಬಾರಿಸಲಿಲ್ಲ. ಅಣು ಭಟ್ಟಿಯ ಹೊಟ್ಟೆಯೊಳಗಿನ ನೀರು ನೆಲದ ತುಂಬ ಹರಿಯಿತು.

ಮರುದಿನ ದಿಲ್ಲಿಯಿಂದ ದೊಡ್ಡವರು ಬರುವವರಿದ್ದರು. ಅಷ್ಟರೊಳಗೆ ನೆಲ ಒಣಗಿರಬೇಕು. ಇದ್ದಬದ್ದ ಅರಿವೆ, ಗೋಣಿ ಎಲ್ಲ ಸಾಲದೇ ಹೋದಾಗ ನಾಗನಾಥನ ಅಣ್ಣ ಅಂಬಣ್ಣ ತಾನಾಗಿ ಮುಂದೆ ಬಂದನಂತೆ. ಅವನು ವಸ್ತಿಯ ಬೀರಪ್ಪನ ಪೂಜಾರಿ. ಉಣ್ಣೆ, ಕಂಬಳಿ ಅಂದರೆ ಎದೆ ಉಬ್ಬಿಸುವವನು. "ನಮ್ಮ ಕಂಬಳಿ ಹಳ್ಳ ಕುಡೀತದ, ಸಾಹೇಬ," ಅಂದ. ಸಾಹೇಬರಿಗೆ ಅಷ್ಟೇ ಸಾಕಿತ್ತು. ಎಲ್ಲರೂ ಶೆಡ್ಡಿನಿಂದ ಕಂಬಳಿ ತಂದು ಹಾಸಿದರು, ಹಿಂಡಿದರು, ಮತ್ತೆ ಹಾಸಿದರು. ಕಂಬಳಿ ನಿಜಕ್ಕೂ ಕುಡಿಯಿತು. ಬೆಳಗಾಗುವುದರೊಳಗೆ ನೆಲ ಒಣಗಿತು.

ಪೇಪರಿನಲ್ಲಿ ಎರಡು ಸಾಲು ಬಂತು. ಸ್ವಲ್ಪ ನೀರು ಸೋರಿತ್ತು, ಯಾರಿಗೂ ತೊಂದರೆಯಿಲ್ಲ.

ಇನ್ನು ಬಿಲ್ಲೆಯ ಮಾತು. ಒಳಗೆ ಹೋಗುವ ಪ್ರತಿಯೊಬ್ಬನ ಎದೆಗೂ ಒಂದು ಬಿಲ್ಲೆ ಸಿಕ್ಕಿಸುತ್ತಾರೆ. ಕಣ್ಣಿಗೆ ಕಾಣದ ವಿಕಿರಣದ ವಿಷ ಮೈಗೆ ಎಷ್ಟು ತಾಗಿತು ಅನ್ನುವುದನ್ನು ಬಿಲ್ಲೆ ಹಿಡಿದಿಟ್ಟುಕೊಳ್ಳುತ್ತದೆ. ಆ ದಿನ ಧನರಾಜ ಬಾಗಿಲಲ್ಲಿ ನಿಂತು, ತೊಯ್ದು ಕೆಟ್ಟರೆ ದಂಡ ಬೀಳ್ತದ ಅಂತ, ಎಲ್ಲರ ಬಿಲ್ಲೆ ಕಿತ್ತು ಟಿಫಿನ್ ಡಬ್ಬಿಗೆ ಹಾಕಿಕೊಂಡ. ಬಿಲ್ಲೆಗಳು ಹೊರಗೇ ಉಳಿದವು, ಚೊಕ್ಕಟವಾಗಿ. ಈಗ ಕಂಪನಿ ಅವನ್ನೇ ತೋರಿಸಿ ಈ ಮಂದಿ ಒಳಗೆ ಬಂದೇ ಇಲ್ಲ ಅನ್ನುತ್ತದೆ.

ಹಾಗಾಗಿ ಉಳಿದದ್ದು ಎರಡು ಸಾಕ್ಷಿ. ಒಂದು, ಅಂಬಣ್ಣ ಊರಿಗೆ ತಂದ ಆ ಕಂಬಳಿ. ಇನ್ನೊಂದು, ಅದು ಸ್ಥಾವರದ ಒಳಗೆ ಹೋಗಿತ್ತು ಅಂತ ಹೇಳಬಲ್ಲ ಮುಕಾದಮನ ಬಾಯಿ. ಒಂದಿದ್ದು ಒಂದಿಲ್ಲದಿದ್ದರೆ ಎರಡೂ ಇಲ್ಲದ ಹಾಗೆ. ನಾಗನಾಥನ ಮಾತನ್ನು ಸ್ವಂತ ಲಾಭದ ಮಾತು ಅಂತ ಕಂಪನಿ ವಕೀಲರು ಆಗಲೇ ಪಕ್ಕಕ್ಕಿಟ್ಟಿದ್ದಾರೆ.

ಅಂಬಣ್ಣ ಬದುಕಿಲ್ಲ. ಊರಿಗೆ ಬಂದ ಮೇಲೂ ಗುಡಿಯಲ್ಲಿ ಅದೇ ಕಂಬಳಿ ಹಾಸಿ, ಅದನ್ನೇ ಹೊದ್ದು ಮಲಗುತ್ತಿದ್ದ. ಕುತ್ತಿಗೆಯಲ್ಲಿ ಗಂಟಾಯಿತು, ಆಮೇಲೆ ಅನ್ನ ಇಳಿಯದಾಯಿತು. ಆ ನೀರಿನಿಂದಲೇ ಅಂತ ಯಾವ ಡಾಕ್ಟರೂ ಬರೆದುಕೊಡಲಿಲ್ಲ; ಅಲ್ಲ ಅಂತಲೂ ಅನ್ನಲಿಲ್ಲ. ಅವನು ಹೋದ ಮೇಲೆ ವಸ್ತಿಯವರು ಕಂಬಳಿಯನ್ನು ಗುಡಿಯ ಗೂಟಕ್ಕೆ ಹಾಕಿ ಕೈ ಮುಗಿಯತೊಡಗಿದರು.

ಉದಗೀರ ಕಾಲೇಜಿನ ಪ್ರೊಫೆಸರು ಕಂಬಳಿಯ ವಿಷ ಅಳೆಯಲು ಮೀಟರು ಹಿಡಿದು ಬಂದ ದಿನ ಗೂಟ ಬರಿದಾಗಿತ್ತು. ಗೂಟದ ಬುಡದಲ್ಲಿ ಒಂದು ತೆಂಗಿನಕಾಯಿ, ಚಿಟಿಕೆ ಭಂಡಾರದ ಅರಿಶಿನ.

ಅಲ್ಲಿಂದ ರಂಭಾಬಾಯಿಯ ತಲೆಯಲ್ಲಿ ಹುಳ ಹೊಕ್ಕಿತ್ತು. ಕಂಪನಿಯ ಬಿಳಿ ಜೀಪಿನವನು ಲೋಹಾರಾದ ಚಹಾದ ಅಂಗಡಿಯಲ್ಲಿ ಗುಡಿಯ ದಾರಿ ಕೇಳಿದ್ದ ಅಂತ ಸುದ್ದಿ. ಆದರೆ ಜೀಪಿನವನು ಕದ್ದು ಕಾಯಿ ಇಟ್ಟು ಹೋಗುವನೇ? ಅಂಬಣ್ಣನ ಹೆಂಡತಿ ಪ್ರಯಾಗಬಾಯಿಯೇ ಮಾರಿಕೊಂಡಳು ಅಂತಲೂ ನಾಲಿಗೆಗಳು ಆಡಿದವು. ತನ್ನ ಮನೆಯ ಕಂಬಳಿಗೆ ತಾನೇ ಯಾಕೆ ಕಾಯಿ ಇಡುತ್ತಾಳೆ? ದೇವರ ವಸ್ತುವನ್ನು ಕಡ ಒಯ್ಯುವವರು ಇಡುವುದು ಅದು. ತಿರುಗಿ ತಂದುಕೊಡುವ ಮನಸ್ಸಿದ್ದವರು.

ಈಗ ಇವನು ಎದುರಿಗೆ ಕುಳಿತು ಡಿಸೇಲ್ ಸುರಿದು ಸುಟ್ಟೆ ಅನ್ನುತ್ತಿದ್ದಾನೆ. ಕಾಯಿ ಇಟ್ಟ ಕೈ ಡಿಸೇಲ್ ಸುರಿಯುವುದಿಲ್ಲ. ಡಿಸೇಲ್ ಸುರಿದ ಕೈ ಕಾಯಿ ಇಡುವುದಿಲ್ಲ. ಇಲ್ಲಿ ಎರಡು ಕೈ ಇವೆ.

"ಎಲ್ಲಿ ಸುಟ್ಟಿ, ಧನರಾಜಪ್ಪ?"

"ಹಿಂದ ಬೇವಿನ ಗಿಡದ ಬುಡಕ. ಹೋಗಿ ನೋಡ್ರಿ, ಹವಾಲ್ದಾರ ಬಾಯಿ. ಬೂದಿಗಿ ಬೇಡಿ ಹಾಕ್ಕೊಂಡು ಹೋಗ್ರಿ ಬೇಕಾದ್ರ." ತನ್ನ ಜೋಕಿಗೆ ತಾನೇ ನಕ್ಕು, ಬಂದ ಫೋನಿಗೆ ಮರಾಠಿಯಲ್ಲಿ ಉತ್ತರ ಕೊಡುತ್ತ ಅತ್ತ ತಿರುಗಿದ.

ಅವಳು ಹೋದಳು. ಬೇವಿನ ಬುಡದಲ್ಲಿ ಕುಕ್ಕರಗಾಲಲ್ಲಿ ಕುಳಿತು ಬೂದಿ ಚಿಟಿಕೆಯಲ್ಲಿ ತಿಕ್ಕಿದಳು. ಬೆಳ್ಳಗೆ, ಹಗುರ, ಊದಿದರೆ ಹಾರಿತು. ಉಣ್ಣೆ ಹೀಗೆ ಸುಡುವುದಿಲ್ಲ. ಉಣ್ಣೆ ಮುದುಡಿ ಕರಿ ಗಂಟುಗಂಟಾಗುತ್ತದೆ, ಕೂದಲು ಸುಟ್ಟ ನಾತ ಜಾಗ ಬಿಟ್ಟು ಹೋಗುವುದೇ ಇಲ್ಲ. ಕೋಲಿನಿಂದ ಕೆದಕಿದಾಗ ಅರ್ಧ ಸುಟ್ಟ ತುಂಡೊಂದು ಮೇಲೆ ಬಂತು: ಹೂವಿನ ಚೀಟಿ ಬಟ್ಟೆ, ಅದರ ಮೇಲೆ ಸಾಲುಸಾಲು ಕೈಹೊಲಿಗೆ. ಹಳೆಯ ಕೌದಿ.

ಕುರಿ ಬಿಟ್ಟು ಲೇಬರ್ ಹಿಡಿದವನಿಗೆ ಉಣ್ಣೆ ಸುಡುವ ವಾಸನೆಯೇ ಮರೆತುಹೋಗಿತ್ತು. ಯಾರೋ ಅವನಿಗೆ ಗಂಟು ಕಟ್ಟಿ ಕೌದಿ ಕೊಟ್ಟಿದ್ದರು. ಅವನು ಬಿಚ್ಚಿ ನೋಡದೇ ಬೆಂಕಿ ಇಟ್ಟಿದ್ದ. ಮುಟ್ಟಲು ಹೆದರಿದವನು ಹಾಗೆ ಮಾಡುತ್ತಾನೆ.

ತಿರುಗಿ ಬಂದು ಕುರ್ಚಿಯಲ್ಲಿ ಕುಳಿತು ಅವಳು ಬೂದಿಯ ಮಾತೆತ್ತಲಿಲ್ಲ.

"ಆ ನೀರಿನಾಗ ಏನಿತ್ತು?" ಅಂತ ಮೆತ್ತಗೆ ಕೇಳಿದಳು.

"ನೀರಿನಾಗ ನೀರಿತ್ತು."

ಆಮೇಲೆ ಅವನೇ ಬಿಚ್ಚಿಕೊಂಡ. ತಾನೂ ಬಾಗಿಲಲ್ಲೇ ನಿಂತಿದ್ದನಲ್ಲ, ತನಗೇನಾಗಿದೆ? ಅಂಬಣ್ಣ ತಂಬಾಕು ತಿನ್ನುತ್ತಿದ್ದ, ನಾಗನಾಥನಿಗೆ ಸಿಂದಿಯ ಚಟ. ಸಾಯುವವನಿಗೆ ಒಂದು ನೆಪ ಬೇಕು, ವಕೀಲರಿಗೆ ಒಂದು ಕೇಸು ಬೇಕು. ಅಲ್ಲಿಗೆ ಹೋದವರೇ ಮನೆಗೆ ತಗಡಿನ ಪತ್ರಾ ಹಾಕಿಸಿದರು, ಹೆಣ್ಣುಮಕ್ಕಳ ಮದುವೆ ಮಾಡಿದರು. ಆಗ ಧನರಾಜ ದೇವರಾಗಿದ್ದ. ಈಗ ಅದೇ ಮಂದಿ ಧಾಬಾದ ಮುಂದೆ ಹಾದು ಹೋಗುವಾಗ ಉಗುಳುತ್ತಾರೆ. ಇದನ್ನೆಲ್ಲ ಹೇಳುವಾಗ ಅವನ ದನಿ ಎಲ್ಲೂ ಏರಲಿಲ್ಲ. ಬಹಳ ಸಲ ಹೇಳಿ ಹೇಳಿ ನುಣುಪಾದ ಮಾತು.

ಅಷ್ಟರಲ್ಲಿ ಅವನ ಹೆಂಡತಿ ಶಿವಕಾಂತಾ ಚಹಾ ತಂದಳು. ಗಂಡ ಹೇಳದಿದ್ದರೂ ತಂದಳು.

"ನಿನ್ನ ಯಜಮಾನ್ರು ಬೀರಪ್ಪನ ಕಂಬಳಿ ಸುಟ್ಟಾರಂತ," ಅಂದಳು ರಂಭಾಬಾಯಿ, ಹವಾಮಾನದ ಮಾತಾಡಿದ ಹಾಗೆ.

ಶಿವಕಾಂತಾ ಗಂಡನನ್ನು ನೋಡಲಿಲ್ಲ. ಕಣ್ಣು ನೇರ ಮನೆಯ ಒಳಕೋಣೆಯ ಕಿಟಕಿಗೆ ಹೋಗಿ, ಸುಟ್ಟುಕೊಂಡ ಹಾಗೆ ತಿರುಗಿ ಬಂತು. ಆ ಕಿಟಕಿಯಿಂದ ಲೋಬಾನದ ಹೊಗೆ ಬರುತ್ತಿತ್ತು.

ರಂಭಾಬಾಯಿ ಚಹಾ ಪಕ್ಕಕ್ಕಿಟ್ಟಳು.

ಚೀಲದಿಂದ ಅಂಟಿನುಂಡಿಯ ಡಬ್ಬಿ ತೆಗೆದಳು. ಧನರಾಜನ ಮಗಳು ಮನಿಷಾ ಹಡೆದಿದ್ದಾಳೆ ಅಂತ ಉಮರ್ಗಾದಲ್ಲೇ ಕೇಳಿದ್ದಳು, ಬಾಣಂತಿ ಇದ್ದ ಮನೆಗೆ ಬರಿಗೈಲಿ ಹೋಗಬಾರದು ಅಂತ ಕಟ್ಟಿಕೊಂಡು ಬಂದಿದ್ದಳು. ಕೂಸಿನ ಮಾರಿ ನೋಡಿ ಬರುತ್ತೇನೆ ಅಂದಾಗ ಧನರಾಜ ಧಾರಾಳವಾಗಿ ಕೈ ಬೀಸಿದ. ಪೊಲೀಸರೂ ಉಂಡಿ ತರಾಕತ್ಯಾರ, ಕಲಿಗಾಲ ಬಂತು ಅಂತ ನಕ್ಕ. ಮೊಮ್ಮಗನ ಮಾತು ಬಂದಾಗ ಆ ಮುಖದಲ್ಲಿ ಒಂದು ಮೆತ್ತನೆ ಬೆಳಕು ಬಂತು. ಅದು ಸುಳ್ಳಲ್ಲ.

ಕೋಣೆಯೊಳಗೆ ಹೊಗೆ, ಬೆಳ್ಳುಳ್ಳಿ ಎಣ್ಣೆಯ ವಾಸನೆ. ಹೊರಸಿನ ಕೆಳಗೆ ಕೆಂಡದ ಶೆಗಡಿ. ಕಿವಿಗೆ ಬಿಗಿಯಾಗಿ ಅರಿವೆ ಸುತ್ತಿಕೊಂಡು ಮಲಗಿದ್ದ ಮನಿಷಾ ಎದ್ದು ಕೂರಲು ಹೋದಳು. ಉದಗೀರಿಗೆ ಕೊಟ್ಟ ಹುಡುಗಿ, ಮೊದಲ ಬಾಣಂತನಕ್ಕೆ ತವರಿಗೆ ಬಂದವಳು.

"ನೋಡ್ರಿ ಮಾವಶಿ, ನಮ್ಮವ್ವ ನನಗ ಹಪ್ಪಳದಂಗ ಸುಡಾಕತ್ಯಾಳ. ಮ್ಯಾಲ ಈ ಕಂಬಳಿ ಬ್ಯಾರೆ, ಚುಚ್ಚತದ. ಬೀರಪ್ಪನ ಕಂಬಳಿ, ಬಾಣಂತಿಗಿ ಸನ್ನಿ ಹೊಡಿಯಂಗಿಲ್ಲ ಅಂತಾಳ. ಒಲ್ಲೆ ಅಂದ್ರ ಕೇಳಬೇಕಲ್ಲ."

ಕರಿ ಕಂಬಳಿ. ಒಂದು ಮೂಲೆಯಲ್ಲಿ ಮಾತ್ರ ಅಂಗೈಯಗಲ ಬಿಳಿ. ನೇಯುವಾಗ ಕರಿ ಉಣ್ಣೆ ತೀರಿ ಅತ್ತೆ ಬಿಳಿಯದು ಸೇರಿಸಿದ್ದಳು ಅಂತ ಪ್ರಯಾಗಬಾಯಿ ಹೇಳಿದ್ದ ಗುರುತು. ಕೂಸು ಆ ಬಿಳಿ ಮೂಲೆಗೇ ತಲೆ ಹಚ್ಚಿ ಮಲಗಿ ನಿದ್ದೆಯಲ್ಲಿ ತುಟಿ ಚೀಪುತ್ತಿತ್ತು.

ಶಿವಕಾಂತಾ ಬಾಗಿಲಿಗೆ ಬಂದು ನಿಂತಿದ್ದಳು. ರಂಭಾಬಾಯಿಯ ಕಿವಿಯಲ್ಲಿ ಹೇಳಿದ್ದು ಇಷ್ಟು: ಗುಡಿಯಿಂದ ಕಂಬಳಿ ತಾ, ನುಸಿ ಹಿಡಿದದ, ಸುಡಬೇಕು ಅಂದಿದ್ದ ಗಂಡ. ಹೆಂಗಸು ಗುಡಿಗೆ ಹೋದರೆ ಯಾರೂ ಕೇಳುವುದಿಲ್ಲವಲ್ಲ. ಅವಳು ಬೀರಪ್ಪನಿಗೆ ಕಾಯಿ, ಭಂಡಾರ ಇಟ್ಟು ತಂದಳು. ತಂದು ನೋಡಿದರೆ ಒಂದು ನುಸಿಯೂ ಇಲ್ಲ.

"ದೇವರ ಕಂಬಳಿ ಸುಟ್ಟ ಮನಿ ಉಳೀತದೇನ್ರೀ, ಅಕ್ಕಾ? ಹಳೇ ಕೌದಿ ಗಂಟ ಕಟ್ಟಿ ಕೊಟ್ಟೆ. ಅದನ್ನ ಸುಟ್ಟಾರ. ಮಗಳ ಬಾಣಂತನ ಮುಗದ ಮ್ಯಾಲ ಗುಡಿಗಿ ತಿರುಗಿ ಮುಟ್ಟಸ್ತೀನಿ. ಅವರಿಗಿ ಹೇಳಬ್ಯಾಡ್ರಿ."

ಗಂಡ ಇವಳಿಗೂ ಕಾರಣ ಹೇಳಿರಲಿಲ್ಲ. ಒಂದು ಮಾತು ಹೇಳಿದ್ದರೆ ಸಾಕಿತ್ತು.

ಏಳು ಮನಿಷಾ, ಇದರ ಮೇಲಿಂದ ಏಳು. ಹಾಗೆ ಅನ್ನಲು ರಂಭಾಬಾಯಿ ಬಗ್ಗಿದಳು. ಅನ್ನಲಿಲ್ಲ. ಈಗ ಎಬ್ಬಿಸಿದರೆ ಕಂಬಳಿ ಸಿಗುತ್ತದೆ, ಮುಕಾದಮನ ಬಾಯಿ ಸಿಗುವುದಿಲ್ಲ. ಹೊರಗಿರುವವನು ನುಸಿ ಅನ್ನುತ್ತಾನೆ, ನೀರು ಅನ್ನುತ್ತಾನೆ, ಸೋಮವಾರವೂ ಅದನ್ನೇ ಅನ್ನುತ್ತಾನೆ. ಸಾಸ್ತೂರಿನಲ್ಲಿ ನಾಗನಾಥ ಒಂದೊಂದೇ ಉಸಿರು ಎಣಿಸುತ್ತ ಮಲಗಿದ್ದಾನೆ.

ಅವಳು ಕೂಸನ್ನು ಮಾತ್ರ ಎತ್ತಿಕೊಂಡಳು. "ಬಿಸಿಲಿಗಿ ತೋರಿಸ್ಕೊಂಡು ಬರ್ತೀನಿ," ಅಂದಳು.

ಅಂಗಳಕ್ಕೆ ಬಂದು ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕುಳಿತಳು. ಧನರಾಜ ಬಾಗಿ ಮೊಮ್ಮಗನ ಗಲ್ಲ ಮುಟ್ಟಿದ.

"ಇನ್ನೊಮ್ಮಿ ಕೇಳ್ತೀನಿ, ಧನರಾಜಪ್ಪ. ಆ ಕಂಬಳಿ ಏನು ಕುಡದಿತ್ತು?"

"ಎಷ್ಟ ಸಲ ಹೇಳಲಿ. ನೀರು."

"ಸೋಮವಾರ ಲಾತೂರದಾಗೂ ಇದನ್ನ ಹೇಳ್ತಿ?"

"ಬೀರಪ್ಪನ ಆಣಿ ಮಾಡಿ ಹೇಳ್ತೀನಿ."

"ಹಂಗಾದ್ರ ಹೆದರಿಕಿ ಇಲ್ಲ ಬಿಡು. ನೀ ಸುಟ್ಟಿದ್ದು ಕೌದಿ. ಕಂಬಳಿ ನಿನ್ನ ಮಗಳ ಮೈ ಕೆಳಗ ಅದ. ಈ ಕೂಸೂ ಈಗ ತನಕ ಅದರ ಮ್ಯಾಲೇ ಇತ್ತು."

ಅವನು ನಗಲು ಹೊರಟ. ಹೆಂಡತಿಯ ಮುಖ ನೋಡಿದ. ಗಲ್ಲದ ಮೇಲಿದ್ದ ಬೆರಳನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡ.

ಕುರ್ಚಿ ಬಿದ್ದ ಸದ್ದಿಗೆ ಧಾಬಾದಲ್ಲಿ ಉಣ್ಣುತ್ತಿದ್ದ ಡ್ರೈವರುಗಳು ಇತ್ತ ತಿರುಗಿದರು. ಧನರಾಜ ಒಳಗೆ ಓಡಿದ್ದ. ಮನಿಷಾ ಕಿರುಚಿದ್ದು ಕೇಳಿಸಿತು, ಹೊಲಿಗೆ ಹಾಕಿದ ಮೈ, ರಟ್ಟೆ ಹಿಡಿದು ಎಳೆದಿರಬೇಕು. ಕಂಬಳಿಯ ತುದಿಯನ್ನು ಎರಡೇ ಬೆರಳಲ್ಲಿ ಹಿಡಿದು, ಸತ್ತ ನಾಯಿಯನ್ನು ಎಳೆದ ಹಾಗೆ ಹೊರಗೆ ತಂದು ಬಿಸಾಕಿದ. ನೇರ ಹ್ಯಾಂಡ್‌ಪಂಪಿಗೆ ಹೋಗಿ ಕೈ ತೊಳೆದ. ಸಾಬೂನು ಹಚ್ಚಿ ತೊಳೆದ, ಮಣ್ಣು ಹಚ್ಚಿ ತೊಳೆದ, ಉಗುರಿನ ಸಂದಿ ಕೆರೆದು ಮತ್ತೆ ತೊಳೆದ. ರಂಭಾಬಾಯಿ ನೋಡುತ್ತ ಕುಳಿತಳು. ಬರೇ ನೀರು ತಾಗಿದ್ದಕ್ಕೆ ಯಾರೂ ಹೀಗೆ ತೊಳೆಯುವುದಿಲ್ಲ.

ಒಬ್ಬ ಡ್ರೈವರನಿಂದ ಡಿಸೇಲಿನ ಡಬ್ಬಿ ಕೇಳಲು ಅವನು ಬಾಯಿ ತೆರೆಯುವುದಕ್ಕೂ, ಶಿವಕಾಂತಾ ಬಂದು ಕಂಬಳಿಯ ನಟ್ಟನಡುವೆ ಬರಿಗಾಲಲ್ಲಿ ನಿಲ್ಲುವುದಕ್ಕೂ ಸರಿಹೋಯಿತು.

"ಇಳಿ," ಅಂದ. "ಅದರ ಮ್ಯಾಲಿಂದ ಇಳಿ, ಶಿವಕಾಂತಾ."

"ಯಾಕ ಇಳೀಲಿ? ಬರೇ ನೀರಲ್ಲಾ?"

"ಇಳಿ ಅಂದೆ."

"ಅದ್ರಾಗ ಏನದ ಹೇಳು. ಇಳೀತೀನಿ."

ಹೆದ್ದಾರಿಯಲ್ಲಿ ಒಂದು ಕಬ್ಬಿನ ಟ್ರ್ಯಾಕ್ಟರ್ ಹಾಡು ಹಾಕಿಕೊಂಡು ಹೋಯಿತು. ಶಿವಕಾಂತಾ ಕಾಲು ಅಲುಗಿಸಲಿಲ್ಲ. ಹೆಬ್ಬೆರಳಿಂದ ಉಣ್ಣೆಯನ್ನು ಒತ್ತಿ ಒತ್ತಿ ನಿಂತಳು, ಅವನಿಗೆ ಕಾಣಲಿ ಅಂತ.

"ವಿಷ ಅದ," ಅಂದ ಧನರಾಜ. "ಭಟ್ಟಿ ಒಳಗಿಂದು. ತೊಳದ್ರ ಹೋಗಲ್ಲ, ಸುಟ್ರ ಹೋಗಲ್ಲ. ಅಂಬಣ್ಣಗ ಅದರಿಂದೇ ಆತು. ನಾನೇ ಒಳಗ ಕಳಿಸಿದ್ದೆ, ಬಿಲ್ಲೆ ಕಿತ್ಕೊಂಡು. ಈಗರ ಇಳಿ."

ಶಿವಕಾಂತಾ ಇಳಿದಳು. ಇಳಿದು ಅಲ್ಲೇ ನೆಲಕ್ಕೆ ಕುಳಿತುಬಿಟ್ಟಳು.

ಮನಿಷಾ ಗೋಡೆ ಹಿಡಿದು ಹೊಸ್ತಿಲಿಗೆ ಬಂದಿದ್ದಳು. ಎಲ್ಲ ಕೇಳಿದ್ದಳು. ರಂಭಾಬಾಯಿ ಎದ್ದು ಕೂಸನ್ನು ಕೊಡಲು ಹೋದಳು. ಹುಡುಗಿ ಕೂಸನ್ನು ತಗೊಂಡಳು, ಎದೆಗೆ ಒತ್ತಿಕೊಳ್ಳಲು ಹೋಗಿ, ತನ್ನ ಸೀರೆ ನೋಡಿಕೊಂಡು, ತೋಳುದ್ದ ದೂರ ಹಿಡಿದು ನಿಂತಳು.

"ನೀವು ಒಳಗ ಬಂದು ಕಂಬಳಿ ನೋಡಿದ್ರಿ, ಮಾವಶಿ. ಕೂಸಿಗಿ ಎತ್ಕೊಂಡ್ರಿ. ನನಗ ಏಳು ಅನ್ಲಿಲ್ಲ."

ರಂಭಾಬಾಯಿ ಠಾಣೆಯಲ್ಲಿ ಎಂಥೆಂಥ ಮಾತು ಕೇಳಿಸಿಕೊಂಡಿದ್ದವಳು. ಪ್ರೊಫೆಸರಿಗೆ ಫೋನು ಹಚ್ಚುತ್ತೇನೆ, ಮೈ ಮೇಲಿನ ಅರಿವೆ ಎಲ್ಲ ಬಿಚ್ಚಿ ಸ್ನಾನ ಮಾಡು, ಕಂಬಳಿಯಲ್ಲಿ ಎಷ್ಟು ಉಳಿದಿದೆ ಅನ್ನುವುದು ಅಳೆದರೇ ಗೊತ್ತು ಅಂತ ಏನೇನೋ ಹೇಳಿದಳು. ಎಷ್ಟು ವರ್ಷಕ್ಕೆ ಹೋಗುತ್ತದೆ ಅಂತ ಮನಿಷಾ ಕೇಳಿದಳು. ಮೂವತ್ತು ವರ್ಷಕ್ಕೆ ಅರ್ಧ ಇಳಿಯುತ್ತದಂತೆ ಅಂತ ಹೇಳಬೇಕಾಯಿತು. ಹುಡುಗಿ ಕೂಸಿನ ಮುಖ ನೋಡಿದಳು, ಅದಕ್ಕೆ ಮೂವತ್ತು ವರ್ಷ ಆಗುವುದನ್ನು ನೋಡಿದ ಹಾಗೆ.

ಈಗ ಹೇಳಿದ್ದನ್ನೇ ಸೋಮವಾರ ಹೇಳಬೇಕು, ಇಷ್ಟು ಮಂದಿ ಕೇಳಿದ್ದಾರೆ ಅಂತ ರಂಭಾಬಾಯಿ ಧನರಾಜನ ಕಡೆ ತಿರುಗಿದಳು.

"ಹೇಳಲ್ಲ," ಅಂದ ಅವನು. ಸಿಟ್ಟಿರಲಿಲ್ಲ ಆ ಮಾತಿನಲ್ಲಿ. "ಸೋಮವಾರ ನಾ ಬಾಯಿ ಬಿಟ್ರ ಮಂಗಳವಾರ ಈ ಮನಿಗಿ ಮೀಟರ್ ಬರ್ತದ. ಪೇಪರದಾಗ ಬರ್ತದ. ಉದಗೀರದಾಗ ಇಕಿ ಅತ್ತಿ ಓದತಾಳ. ಇಕೀನ ಮನ್ಯಾಗ ಕರ್ಕೋತಾರ? ಈ ಕೂಸಿಗಿ ಯಾರರ ಮುಟ್ತಾರ? ಅಂಬಣ್ಣನ ಹೆಂಡತಿ ಕೈಯಾಗಿನ ನೀರು ಇವತ್ತಿಗೂ ವಸ್ತ್ಯಾಗ ಅರ್ಧ ಮಂದಿ ಕುಡಿಯಲ್ಲ, ನಿಮಗ ಗೊತ್ತಿಲ್ಲೇನು? ನಾಗನಾಥ ಉಳೀಲಿ ಅಂತ ನನ್ನ ಮಗಳಿಗಿ ಸಾಯಿಸಲಿ?"

ಅವನ ಮಾತು ಸುಳ್ಳಲ್ಲ ಅನ್ನುವುದೇ ರಂಭಾಬಾಯಿಗೆ ಕಹಿಯಾಗಿತ್ತು.

"ನಾ ಹೇಳ್ತೀನಿ," ಅಂದಳು ಮನಿಷಾ.

ತಂದೆ ತಲೆ ಎತ್ತಿದ.

"ಕಂಬಳಿ ನಾನೇ ಒಯ್ತೀನಿ. ನಮ್ಮಪ್ಪ ಹಿಂಗಿಂಗ ಅಂದಾನ ಅಂತೀನಿ. ಅತ್ತಿ ಮನಿಯವರು ಬಿಟ್ರ ಬಿಡಲಿ. ನಾಳಿ ಈ ಕೂಸಿಗಿ ಏನರ ಆದ್ರ, ಯಾರರ ಡಾಕ್ಟರ್ ಮುಂದ ಇದು ಇಂಥಾದ್ದರಿಂದ ಆತು ಅಂತ ಹೇಳಾಕರ ಬರಬೇಕಲ್ಲ. ನಾಗನಾಥ ಕಾಕಾಗ ಇಲ್ಲ ಅಂದೋರು ಇದಕ್ಕ ಹೂಂ ಅಂತಾರೇನು?"

ಅವಳು ಅಳುತ್ತಿರಲಿಲ್ಲ. ಶಿವಕಾಂತಾ ಅಳುತ್ತಿದ್ದಳು, ಸದ್ದಿಲ್ಲದೆ, ಎರಡೂ ಪಾದ ತನ್ನವಲ್ಲ ಅನ್ನುವ ಹಾಗೆ ಮುಂದೆ ಚಾಚಿಕೊಂಡು.

ಧನರಾಜ ಪಂಪಿನ ಕಟ್ಟೆಯ ಮೇಲೆ ಕುಳಿತ. ತೊಯ್ದ ಕೈ ನೋಡಿಕೊಂಡ. ಆಮೇಲೆ ರಂಭಾಬಾಯಿಯನ್ನು ಹತ್ತಿರ ಕರೆದ. ಮಗಳಿಗೆ ಕೇಳದ ಹಾಗೆ ಹೇಳಬೇಕೆಂದಿದ್ದ. ಆದರೆ ದನಿ ಅವನ ಹಿಡಿತದಲ್ಲಿರಲಿಲ್ಲ.

"ಅಂಬಣ್ಣ ಒಬ್ಬಾಂವ ತನ್ನ ಕಂಬಳಿ ಬಿಡಲಿಲ್ಲ, ಹೊತ್ಕೊಂಡು ಬಂದ. ಉಳಿದ ಮಂದೀದು ಸಾಹೇಬ್ರು ಇಸ್ಕೊಂಡ್ರು, ಹೊಸಾ ಚಾದರ ಕೊಟ್ರು. ಲಾರಿಗಿ ತುಂಬಿ ಕೊಟ್ಟು, ಎಲ್ಲ್ಯರ ತೆಗ್ಗ ತೋಡಿ ಹುಗದು ಬಾ ಅಂದ್ರು. ಯಾಕ ಅಂತ ಹೇಳಲಿಲ್ಲ. ಆಣಿ ಮಾಡ್ತೀನಿ, ಆವತ್ತ ನನಗ ಗೊತ್ತಿರಲಿಲ್ಲ."

"ಎಲ್ಲಿ ಹುಗದಿ?"

ಅವನು ತಲೆ ಅಲ್ಲಾಡಿಸಿದ.

"ಹಾಲುಮತದಾಗ ಹುಟ್ಟೀನಿ, ಬಾಯಿ. ಕಂಬಳಿ ಮಣ್ಣಿಗಿ ಹಾಕಾಕ ಕೈ ಏಳಲಿಲ್ಲ. ತೊಳಸಿ ಒಣಗಿಸಿದೆ. ನಿಲಂಗಾದ ಕಡೆ ಹೆಣ್ಣ ಪೋರಿಗೋಳ ವಸತಿ ಶಾಳಾ ಒಂದದ, ಅಲ್ಲಿ ಹಂಚಿದೆ. ಹಾರ ಹಾಕಿದ್ರು ನನಗ." ಅವನು ಕೈಯನ್ನು ಮತ್ತೆ ಪಂಪಿನ ಬಾಯಿಗೆ ಒಡ್ಡಿದ. ನೀರು ಬರಲಿಲ್ಲ. "ಆ ವರ್ಷ ಥಂಡಿ ಭಾಳ ಇತ್ತು. ಕಂಬಳಿ ಸಾಲಲಿಲ್ಲ. ಪೋರಿಗೋಳು ಇಬ್ಬಿಬ್ಬರು ಒಂದೊಂದರಾಗ ಮಲಗ್ಯಾವ."